ಸಜ್ಜಿ ಮಲಗುವ ಗಾದಿ

ಕೇಳುವವರ ಕಿವಿ ತಣ್ಣಗಿರಲಿ, ಹೇಳುವವಳ ನಾಲಿಗೆ ಹದದಲ್ಲಿರಲಿ ಎಂದು ಶಿವನನ್ನು ನೆನೆದು ಶುರುಮಾಡುತ್ತೇನೆ. ಊರಿನ ಹೆಸರು ಕೇಳಬೇಡಿ, ಹೇಳಿದರೂ ನಿಮಗೆ ದಾರಿ ಸಿಗುವುದಿಲ್ಲ. ನಡೆದದ್ದನ್ನು ಮಾತ್ರ ನಡೆದ ಹಾಗೆ ಹೇಳುತ್ತೇನೆ. ಅದೆಲ್ಲ ಮೊದಲಾದದ್ದು ಒಂದು ನಾಯಿಯ ತುರಿಕೆಯಿಂದ.

ನಾಯಿಯ ಹೆಸರು ಸಜ್ಜಿ. ಸಜ್ಜೆ ರೊಟ್ಟಿಯ ಬಣ್ಣದ ಹೆಣ್ಣುನಾಯಿ. ಹೆಸರಿಟ್ಟವರು ನನ್ನ ಅತ್ತೆ ಗುರುಸಿದ್ದವ್ವ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡು, ಪಡಸಾಲೆಯ ಪಕ್ಕದ ಕೋಣೆಯಲ್ಲಿ ಗಾದಿ ಹಿಡಿದ ಎರಡನೆಯ ವರ್ಷ, ಈ ಮರಿ ಎಲ್ಲಿಂದಲೋ ಬಂದು ಅವರ ಕಾಲಬುಡದಲ್ಲಿ ಮಲಗಿತು. ಆಮೇಲೆ ನಾಲ್ಕು ವರ್ಷ ಅಲ್ಲಿಂದ ಕದಲಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಕಾಲಬುಡ ಬಿಟ್ಟು ಗಾದಿಯ ನಟ್ಟನಡುವೆ, ಅವರ ಬೆನ್ನು ಒತ್ತಿ ಒತ್ತಿ ತಗ್ಗಾದ ಜಾಗದಲ್ಲಿ, ಸುರುಳಿ ಸುತ್ತಿ ಮಲಗತೊಡಗಿತು. ಅದನ್ನು ನೋಡಿದಾಗಲೆಲ್ಲ ನಾನು ಮನಸ್ಸಿನಲ್ಲೇ ಕೈಮುಗಿದು ಬಾಗಿಲು ಮುಂದೆ ಮಾಡಿಕೊಂಡು ಬರುತ್ತಿದ್ದೆ.

ತುರಿಕೆ ಮೊದಲಿನಿಂದಲೂ ಸ್ವಲ್ಪ ಇತ್ತು. ಅತ್ತೆ ಹೋದ ಮೇಲೆ ಅದು ಜೋರಾಯಿತು. ಮುಂಗಾಲಿನ ಬೆರಳ ಸಂದಿಯನ್ನು ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿತು. ಕಿವಿಯ ಒಳಗೆಲ್ಲ ಕೆಂಪು. ಹೊಟ್ಟೆಯ ಬೋಳು ಚರ್ಮ ತುರಿಸಿಕೊಂಡು ದಪ್ಪಗಾಗಿ ಆನೆಯ ಚರ್ಮದಂತಾಯಿತು. ಬೇವಿನ ಎಲೆ ಕುದಿಸಿ ತೊಳೆದೆ, ಅರಿಸಿನ ಹಚ್ಚಿದೆ, ಮಠದ ವಿಭೂತಿ ತಂದು ಹಣೆಗೂ ಬೆನ್ನಿಗೂ ಬಳಿದೆ. ಎದುರುಮನೆಯ ಚಂಬವ್ವ ಕಟ್ಟೆಯ ಮೇಲೆ ಕಾಳು ಆರಿಸುತ್ತ ನೋಡುತ್ತಿದ್ದಳು.

"ಯವ್ವಾ ನೀಲಗಂಗವ್ವಾ, ನಿಮ್ಮ ನಾಯಿ ಕಾಲ ನೆಕ್ಕೂದ ನೋಡಿದರ ತನ್ನ ಪಾದಪೂಜಾ ತಾನ ಮಾಡಿಕೊಳ್ಳಾಕತ್ತೈತಿ ಅನ್ನಬೇಕ. ನಿನ್ನ ಪುರಾಣ ಕೇಳಿ ಕೇಳಿ ಅದಕ್ಕೂ ಭಕ್ತಿ ಹತ್ತೇತಿ ಬಿಡು."

ಮಠದಲ್ಲಿ ಸೋಮವಾರ ಸಂಜೆ ಪುರಾಣ ಓದುತ್ತಿದ್ದವಳು ನಾನೇ. ಓಣಿಗೆ ಹೊಸ ಸೊಸೆ ಬಂದರೆ ಹಿರಿಯರು ಮೊದಲು ನನ್ನ ಮನೆಗೆ ಕರೆತಂದು ಕಾಲಿಗೆ ಬೀಳಿಸುತ್ತಿದ್ದರು. ಆರು ವರ್ಷ ಅತ್ತೆಯ ಹೇಲುಚ್ಚೆ ಬಳಿದವಳು, ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಸೇವೆ ಮಾಡಿದರೆ ಹೀಗೆ ಮಾಡಬೇಕು ಎಂದು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ, ನಾನೇನು ಮಾಡಿದೆ, ಮಾಡಿಸಿದವನು ಅವನು ಎಂದು ಮೇಲೆ ಕೈತೋರಿಸುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅದೇ ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಸಜ್ಜಿಯನ್ನು ದನದ ದವಾಖಾನೆಗೆ ಒಯ್ದೆ. ಡಾಕ್ಟರಬಾಯಿ ಬೇರೆ ಸೀಮೆಯಿಂದ ಬಂದವರು, ವಯಸ್ಸು ಚಿಕ್ಕದು. ಚಿಗಟಕ್ಕೆ ಔಷಧಿ ಹಾಕಿ ನೋಡಿದರು, ಚರ್ಮ ಕೆರೆದು ಪರೀಕ್ಷೆ ಮಾಡಿದರು, ಎರಡು ತಿಂಗಳು ಊಟ ಬದಲಿಸಿ ನೋಡಿದರು. ಕೊನೆಗೆ ಒಂದು ದಿನ ಸಜ್ಜಿಯ ಕಿವಿ ಮಡಚಿ ನೋಡುತ್ತ ಹೇಳಿದರು.

"ಇದು ಕಜ್ಜಿ ಅಲ್ಲಮ್ಮ. ಊಟದ್ದೂ ಅಲ್ಲ. ಮನೆ ಧೂಳಲ್ಲಿರೋ ಹುಳ ಇದಕ್ಕೆ ಆಗ್ತಿಲ್ಲ."

"ಯಾವ ಹುಳಾರಿ? ನಾ ದಿನಾ ಎರಡ ಸರ್ತಿ ಕಸಾ ಹೊಡೀತೇನಿ."

"ಕಸಬರಿಗೆಗೆ ಸಿಗೋದಲ್ಲ, ಕಣ್ಣಿಗೂ ಕಾಣಲ್ಲ. ಹಾಸಿಗೆ, ದಿಂಬು, ಕೌದಿ ಒಳಗೆ ಇರ್ತವೆ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು ತಿಂದು ಬದುಕ್ತವೆ. ಕಚ್ಚಲ್ಲ. ಆದರೆ ಅವುಗಳ ಹಿಕ್ಕೆ ಧೂಳಲ್ಲಿ ಸೇರ್ಕೊಂಡು ಕೆಲವು ನಾಯಿಗಳಿಗೆ ಮೈಯೆಲ್ಲ ಉರಿ ಎಬ್ಬಿಸುತ್ತೆ. ಇದು ಎಲ್ಲಿ ಮಲಗುತ್ತೆ?"

ನಾನು ಹೇಳಿದೆ. ಅತ್ತೆ ಹೋಗಿ ಹತ್ತು ತಿಂಗಳಾದರೂ ಅವರ ಮೈ ಇನ್ನೂ ಯಾವುದೋ ಜೀವಕ್ಕೆ ಅನ್ನವಾಗುತ್ತಿದೆ ಎಂದು ಕೇಳಿ ನನ್ನ ಕೈಗಳು ತಾವಾಗಿ ಮುಗಿದುಕೊಂಡವು. ಕಣ್ಣಿಗೆ ಕಾಣದ್ದನ್ನು ನಂಬುವುದು ನನಗೆ ಕಷ್ಟವಲ್ಲ.

ಡಾಕ್ಟರಬಾಯಿ ಚೀಟಿ ಬರೆಯುತ್ತ ಹೇಳುತ್ತಾ ಹೋದರು. "ಇದು ವಾಸಿ ಆಗಿ ಮುಗಿಯೋದಲ್ಲ, ಜೀವಮಾನ ಪೂರ್ತಿ ಸಂಭಾಳಿಸೋದು. ಹಾಸೋದು ಹೊದೆಯೋದು ಎಲ್ಲಾನೂ ವಾರಕ್ಕೊಮ್ಮೆ ಕುದಿಯೋ ನೀರಲ್ಲಿ ನೆನೆಸಿ ಒಗೀರಿ. ಉಗುರುಬೆಚ್ಚಗಿನ ನೀರಿಗೆ ಅವು ಸಾಯಲ್ಲ, ಸ್ನಾನ ಮಾಡ್ಕೊಂಡು ಕೂತಿರ್ತವೆ. ನೆಲ ಗುಡಿಸೋ ಬದಲು ಒದ್ದೆ ಬಟ್ಟೇಲಿ ಒರೆಸಿ. ಈ ಶಾಂಪೂ ಹಾಕಿ ಹತ್ತು ನಿಮಿಷ ಬಿಟ್ಟು ತೊಳೀರಿ, ವಾರಕ್ಕೊಂದು ಸಲ. ಹೊರಗಿಂದ ಬಂದಾಗ ಕಾಲು ಒರೆಸಿ, ಬೆರಳ ಸಂದೀಲಿ ತೇವ ಉಳೀಬಾರದು. ಮಾತ್ರೆ ಕೊಡ್ತೀನಿ, ತುರಿಕೆ ತಗ್ಗುತ್ತೆ, ಆದರೆ ಮಾತ್ರೆ ಮೇಲೇ ಬದುಕೋಕಾಗಲ್ಲ. ಮೊದಲು ಆ ಗಾದಿ ನೋಡಿ. ಬಿಸಿಲಿಗೆ ಹಾಕಿ ಪೂರ್ತಿ ಬಡಿಸಿ, ಅರಳೆ ತೆಗೆಸಿ ಹಿಂಜಿಸಿ, ಹೊಸ ಚೀಲ ಹೊಲಿಸಿ. ಅರ್ಧಂಬರ್ಧ ಬಡಿದ್ರೆ ಧೂಳೆಲ್ಲ ಮೇಲೆ ಬಂದು ಕೂತು ಇನ್ನೂ ಕೇಡು."

ಪಕ್ಕದಲ್ಲಿದ್ದ ಕಂಪೌಂಡರ್ ಕೆಮ್ಮಿದ. "ಬಾಯಾರ, ಗಾದಿ ಬಡಿಯೂ ಮಾತ ಈ ಊರಾಗ ಹಂಗೆಲ್ಲ ಆಡಬಾರದ್ರಿ."

"ಗೊತ್ತು ಮಾರಾಯ," ಎಂದರು ಡಾಕ್ಟರಬಾಯಿ. "ಎರಡು ವರ್ಷದಿಂದ ಚಾಪೆ ಮೇಲೆ ಮಲಗ್ತಿದೀನಿ."

ನಮ್ಮೂರಲ್ಲಿ ಗಾದಿಯ ಮೇಲೆ ಆಡಿದ ಮಾತು ಹಾಳಾಗುವುದಿಲ್ಲ. ಧೂಳಿನ ಜೊತೆ ಅರಳೆಯೊಳಗೆ ಇಳಿದು ಕೂತುಕೊಳ್ಳುತ್ತದೆ. ಬಡಿದರೆ ಧೂಳೂ ಏಳುತ್ತದೆ, ಮಾತೂ ಏಳುತ್ತದೆ, ಆಡಿದವರ ದನಿಯಲ್ಲೇ. ಇದಕ್ಕೆ ಜನ ಎಂದೋ ಹೊಂದಿಕೊಂಡಿದ್ದಾರೆ. ಗಂಡಹೆಂಡಿರು ಜಗಳ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾರೆ. ಮಗಳನ್ನು ಕೊಡುವವರು ಉಳಿದದ್ದೇನೇ ಇರಲಿ ಬಿಡಲಿ, ಹೊಸ ಗಾದಿ ಕೊಟ್ಟು ಕಳಿಸುತ್ತಾರೆ. ಹಳೆಯ ಗಾದಿಯನ್ನು ಸುಡುವ ಹಾಗಿಲ್ಲ. ಹಿಂದೆ ಯಾರೋ ತನ್ನ ಅಪ್ಪನ ಗಾದಿ ಸುಟ್ಟಾಗ, ಮೂರು ದಿನ ಊರಿನವರೆಲ್ಲ ಹೊಗೆಯೊಡನೆ ಆ ಅಪ್ಪನ ಬೈಗುಳ ಉಸಿರಾಡಿದ್ದರು. ಅದಕ್ಕೇ ಊರ ಹೊರಗಿನ ಕಲ್ಲಿನ ಕ್ವಾರಿ. ಗಾದಿ ಹಿಂಜುವ ಲಾಲೇಸಾಬ ಕಿವಿಗೆ ಅರಳೆ ತುರುಕಿಕೊಂಡು ಅಲ್ಲಿ ಒಬ್ಬನೇ ಬಡಿಯುತ್ತಾನೆ. ಮಾತುಗಳು ಕ್ವಾರಿಯ ತಳದಲ್ಲೇ ಬಿದ್ದು ಸಾಯುತ್ತವೆ. ಅವನ ಅಪ್ಪ, ಅಜ್ಜ ಮಾಡಿದ್ದೂ ಅದೇ ಕೆಲಸ. ಆ ಮನೆತನದವರು ಊರಿನ ಗುಟ್ಟು ಒಂದನ್ನೂ ಹೊರಗೆ ಹಾಕಿದ್ದಿಲ್ಲ.

ಮೊದಲು ನಾನು ಸುಲಭದ ದಾರಿ ನೋಡಿದೆ. ಗಾದಿಯನ್ನು ಸುತ್ತಿ ಅಟ್ಟಕ್ಕೆ ಹಾಕಿ, ಸಜ್ಜಿಗೆ ಒಗೆದ ಗೋಣಿಚೀಲ ಹಾಸಿದೆ. ಅದು ಖಾಲಿ ಕೋಣೆಯ ಮೂಲೆಯಲ್ಲಿ ಕೂತು ಎರಡು ದಿನ ಅನ್ನ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಬ್ಬಿಸಿದರೆ ಹಿಂಗಾಲು ನಿಲ್ಲಲಿಲ್ಲ. ಹೆದರಿ ಗಾದಿ ಇಳಿಸಿದೆ. ಅದರ ಮೇಲೆ ಹತ್ತಿ, ತಗ್ಗಿನಲ್ಲಿ ಮಲಗಿ, ನಾನು ಕೊಟ್ಟ ಗಂಜಿ ನೆಕ್ಕಿತು. ಸಂಜೆಗೆ ಮತ್ತೆ ಕಾಲು ಕಡಿಯತೊಡಗಿತು. ಗಾದಿ ಇಲ್ಲದಿದ್ದರೆ ಹಸಿದು ಸಾಯುತ್ತದೆ, ಇದ್ದರೆ ತುರಿಸಿಕೊಂಡು ಸಾಯುತ್ತದೆ. ಬಡಿಸದೆ ಬೇರೆ ದಾರಿ ಇರಲಿಲ್ಲ.

ಲಾಲೇಸಾಬನನ್ನು ಕೇಳಿದರೆ ಕ್ವಾರಿಯ ಪಾಳಿ ಎಂಟು ದಿನ ತುಂಬಿದೆ ಎಂದ. ಎರಡು ಮದುವೆ, ಮೂರು ಸಾವು ಇದ್ದವು. ಆಗ ನನ್ನ ಬಾಯಿಂದ ಬಂದ ಮಾತು ಕೇಳಿ ಅವನು ಕಿವಿಯ ಅರಳೆ ತೆಗೆದು ಮತ್ತೊಮ್ಮೆ ಹೇಳಿಸಿದ.

"ನಮ್ಮ ಮನಿ ಮುಂದ ಬಡಿ ಅಂದ್ನಿ."

"ಓಣ್ಯಾಗ? ಹಾಡಹಗಲ? ಯವ್ವಾ, ನನ್ನ ಜೀವಮಾನದಾಗ ಯಾರೂ ಹಿಂಗ ಕೇಳಿಲ್ಲರಿ."

ನನ್ನ ಗಂಡ ಅಂದಾನಪ್ಪನಿಗೆ ಗಾಣದ ಕೆಲಸ. ಬೆಳಗಾದರೆ ಹೋಗಿ ಸಂಜೆಗೆ ಮೈತುಂಬ ಎಣ್ಣೆ ವಾಸನೆ ಹೊತ್ತು ಬರುವವರು. ಮಾತು ಕಡಿಮೆ. ಊಟಕ್ಕೆ ಕೂತಾಗ ಹೇಳಿದೆ.

"ಎಂಟ ದಿನ ಕಾಯ್ದರಾತು. ಕ್ವಾರಿಗೇ ಒಯ್ಯಲಿ," ಎಂದರು.

"ಎಂಟ ದಿನದಾಗ ಆ ಮೂಕಪ್ರಾಣಿ ಮೈ ಹರಕೋತೈತಿ."

"ಓಣಿ ಕೇಳತೈತಿ, ನೀಲಾ."

"ಕೇಳಲಿ. ನಮ್ಮ ಮನ್ಯಾಗ ಮುಚ್ಚಿಡೂದ ಏನೈತಿ?"

ಅವರು ತುತ್ತು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಏನೋ ಹೇಳುತ್ತಾರೆ ಎಂದುಕೊಂಡೆ. "ನೋಡು ಮತ್ತ," ಎಂದು ಉಣ್ಣತೊಡಗಿದರು.

ಶಿವನ ಎದುರು ಹೇಳುವಂತೆ ಹೇಳುತ್ತೇನೆ, ನಾಯಿ ನನಗೆ ಒಂದು ನೆಪ ಆಗಿತ್ತು. ಅತ್ತೆಯ ನಾಲಿಗೆ ಎಂಥದೆಂದು ಓಣಿಗೆ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ಬೀಳುವ ತನಕ, ರೊಟ್ಟಿ ದಪ್ಪವಾದರೂ ಮಾತು, ತೆಳ್ಳಗಾದರೂ ಮಾತು. ಎಲ್ಲ ಅಡುಗೆಮನೆಯ ಒಳಗೆ, ಹೊರಗೆ ಕೇಳದ ಹಾಗೆ. ಗಾದಿ ಹಿಡಿದ ಮೇಲೆ ಆರು ವರ್ಷದಲ್ಲಿ ನನ್ನ ಬೆನ್ನ ಹಿಂದೆ ಏನೇನು ಶಾಪ ಹಾಕಿದ್ದಾರೋ, ಅದೆಲ್ಲ ಎದ್ದು ಬರಲಿ, ನಾನು ಏನು ಸಹಿಸಿದೆ ಎಂದು ಊರು ಒಮ್ಮೆ ಕೇಳಲಿ ಎಂಬ ಆಸೆ ನನ್ನ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತ್ತು. ನನ್ನ ಮಾತು ಅದರಲ್ಲಿ ಇರಬಹುದೆಂದು ಹೊಳೆಯಲೇ ಇಲ್ಲ. ಮಲಗಿದವರ ಮಾತು ಮಾತ್ರ ಅರಳೆಗೆ ಇಳಿಯುತ್ತದೆ, ಪಕ್ಕದಲ್ಲಿ ನಿಂತವರದು ಗಾಳಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ತಿಳಿದಿದ್ದರು. ಬೇರೊಬ್ಬರ ಗಾದಿಯನ್ನು ಬಡಿದು ಕೇಳಿ ನೋಡಿದವರು ಯಾರಿದ್ದರು?

ಬುಧವಾರ ಹತ್ತು ಗಂಟೆಯ ಬಿಸಿಲಿಗೆ ಲಾಲೇಸಾಬ ಅರಳೆ ಹಿಂಜುವ ಕಮಾನು, ಕೋಲು ಹೊತ್ತು ಬಂದ. ಧೂಳು ಮೂಗಿಗೆ ಹೋಗಬಾರದೆಂದು ಡಾಕ್ಟರಬಾಯಿ ಹೇಳಿದ್ದರಿಂದ ಸಜ್ಜಿಯನ್ನು ಓಣಿಯ ಆ ತುದಿಗೆ ಬೇವಿನ ಮರಕ್ಕೆ ಕಟ್ಟಿದೆ. ನಾನು ಮಿಂದು, ಪೂಜೆ ಮುಗಿಸಿ, ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತೆ. ಚಂಬವ್ವ ಕಾಳಿನ ಮೊರ ಹಿಡಿದು ಕೂತಳು. ನೀರಿಗೆ ಹೊರಟ ಹೆಂಗಸರ ಕೊಡಗಳು ಒಂದೊಂದಾಗಿ ನೆಲಕ್ಕಿಳಿದವು. ಹೊಸದಾಗಿ ಬಂದ ಸೊಸೆಯೊಬ್ಬಳನ್ನು ಅವಳ ಅತ್ತೆ ಮುಂದಕ್ಕೆ ತಳ್ಳಿ, "ನಿಂತ ಕೇಳ. ಸಹನಾ ಅಂದರ ಏನ ಅಂತ ಗೊತ್ತಾಗ್ಲಿ," ಎಂದಳು.

ಲಾಲೇಸಾಬ ಕಿವಿಗೆ ಅರಳೆ ತುರುಕಿ, ಬಿಸ್ಮಿಲ್ಲಾ ಎಂದು ಮೊದಲ ಏಟು ಹಾಕಿದ.

ಧೂಳು ಎದ್ದಿತು. ಅದರಿಂದ ಮೊದಲು ನಾಯಿಯ ಗೊರಕೆ, ಅದರ ಹಿಂದೆ ಒಂದು ಹೆಣ್ಣುದನಿ ಬಂತು.

"ಮತ್ತ ಮಾಡಿಕೊಂಡ್ಯಾ? ಈಗ ಒರಸಿ ಹೋಗೇನಿ. ಸಾಯಾಕರ ಬರೂದಿಲ್ಲೇನ ನಿನಗ?"

ಯಾರಿದು ಎಂದು ನಾನೂ ಎಲ್ಲರ ಹಾಗೆ ಕುತ್ತಿಗೆ ಉದ್ದ ಮಾಡಿದೆ. ಎಲ್ಲೋ ಕೇಳಿದ ದನಿ, ಆದರೆ ಗುರುತು ಹತ್ತಲಿಲ್ಲ. ಎರಡನೆಯ ಏಟು ಬಿತ್ತು.

"ನೀರ ಕುಡದರ ಮತ್ತ ಹೊಯ್ಕೋತಿ. ಕುಡೀಬ್ಯಾಡ. ಬಾಯಿ ಒಣಗಿದರ ಒಣಗಲಿ."

ಮೊರ ಚಂಬವ್ವನ ತೊಡೆಯಿಂದ ಜಾರಿತು. ಅವಳು ಗಾದಿಯ ಕಡೆ ನೋಡುತ್ತಿರಲಿಲ್ಲ. ನನ್ನ ಬಾಯಿಯ ಕಡೆ ನೋಡುತ್ತಿದ್ದಳು. ನನ್ನ ಬಾಯಿ ಮುಚ್ಚಿತ್ತು. ಅದು ಮುಚ್ಚಿದೆಯೋ ಇಲ್ಲವೋ ಎಂದು ನಾನೇ ಕೈಯಿಂದ ಮುಟ್ಟಿ ನೋಡಿಕೊಂಡೆ.

ಮೂರನೆಯ ಏಟಿಗೆ ಅದೇ ದನಿ, ಇನ್ನೂ ಗಟ್ಟಿಯಾಗಿ. "ಇನ್ನ ಎಷ್ಟ ವರ್ಷ ಇದನ್ನ ನನ್ನ ಕೊರಳಿಗೆ ಕಟ್ಟಾಂವ ಅದಾನ ಆ ಶಿವ? ಅವಂಗ ಕಣ್ಣಿಲ್ಲ." ಅದರ ಹಿಂದೆಯೇ ಅತ್ತೆಯದು, ಗೊರಗೊರ ಎನ್ನುವ ಸಣ್ಣ ದನಿ. "ಹೂನವ್ವಾ. ಆತು ತಂಗಿ. ನೀರಡಿಕಿ ಇಲ್ಲ ನನಗ."

ನಾನು ಜನರ ಮುಂದೆ ಅತ್ತೆಯನ್ನು ಯಾವತ್ತೂ ಅತ್ತಿಯವರು ಎಂದೇ ಕರೆದವಳು. ಈ ದನಿ ಅವರನ್ನು ನಾಯಿಯನ್ನು ಕರೆದ ಹಾಗೆ ಕರೆಯುತ್ತಿತ್ತು. ಆ ಮಾತುಗಳನ್ನು ಆಡಿದ ನೆನಪು ನನಗಿರಲಿಲ್ಲ. ಅರ್ಧ ನಿದ್ದೆಯಲ್ಲಿ ಎದ್ದು ಬಟ್ಟೆ ಬದಲಿಸಿದ್ದು ನೆನಪಿತ್ತು, ಬೆನ್ನು ಒರೆಸಿದ್ದು, ಪೌಡರು ಹಾಕಿದ್ದು ನೆನಪಿತ್ತು. ಕೈ ಮಾಡಿದ ಕೆಲಸವನ್ನೆಲ್ಲ ಮನಸ್ಸು ಪುಣ್ಯವೆಂದು ಎತ್ತಿಟ್ಟುಕೊಂಡಿತ್ತು, ಅದೇ ಹೊತ್ತಿಗೆ ನಾಲಿಗೆ ಮಾಡಿದ್ದನ್ನು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡದ್ದು ಗಾದಿ.

ಏಟಿನ ಮೇಲೆ ಏಟು. "ಬಾಯಿ ತಗಿ. ತಗೀತಿಯೋ ಇಲ್ಲೊ?" "ಆ ನಾಯಿ ಇನ್ನೊಮ್ಮೆ ಬೊಗಳಲಿ, ಅದರ ಕಾಲ ಮುರೀತೇನಿ, ನಿನಗ ಜೋಡಿ ಆಗತೈತಿ." ಮತ್ತೆ ಅತ್ತೆಯದು, ಈಗ ಪಿಸುಮಾತಿನಲ್ಲಿ. "ಸುಮ್ಮನ ಮಕ್ಕೊ ಸಜ್ಜಿ. ಆಕಿ ಹೆಜ್ಜಿ ಸಪ್ಪಳ ಐತಿ. ನಾ ಮಕ್ಕೊಂಡಂಗ ಮಾಡ್ತೇನಿ, ನೀನೂ ಮಕ್ಕೊಂಡಂಗ ಮಾಡು."

ಅತ್ತೆಯ ಶಾಪ ಎಂಬುದು ಆ ಗಾದಿಯಲ್ಲಿ ಒಂದೂ ಇರಲಿಲ್ಲ.

ಆಗ ನಾನು ಬೇವಿನ ಮರದ ಕಡೆ ನೋಡಿದೆ. ಸಜ್ಜಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕಿವಿ ಹಿಂದಕ್ಕೆ ಒತ್ತಿ, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿ ಚಪ್ಪಟೆಯಾಗಿ ಮಲಗಿತ್ತು. ನಾನು ಬಾಗಿಲಲ್ಲಿ ನಿಂತದ್ದು ಅದಕ್ಕೆ ಕಾಣುತ್ತಿತ್ತು. ಅದರ ಕಣ್ಣು ನನ್ನ ಮೇಲೆ ಇರಲಿಲ್ಲ, ಧೂಳಿನ ಮೇಲೆ ಇತ್ತು. ಆ ದನಿ ಅದಕ್ಕೆ ಹಳೆಯ ಪರಿಚಯ. ನನ್ನ ಮನೆಯಲ್ಲಿ ಇಬ್ಬರು ನನ್ನ ಹೆಜ್ಜೆ ಸಪ್ಪಳಕ್ಕೆ ಕಣ್ಣು ಮುಚ್ಚಿ ಮಲಗಿದಂತೆ ಮಾಡುತ್ತಿದ್ದರು, ನಾನು ಅದನ್ನು ನಿದ್ದೆ ಎಂದು ತಿಳಿದು ಮಂತ್ರ ಹೇಳಿಕೊಳ್ಳುತ್ತ ಬಾಗಿಲು ಮುಂದೆ ಮಾಡುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಲಾಲೇಸಾಬನಿಗೆ ಏನೂ ಕೇಳಿಸುತ್ತಿರಲಿಲ್ಲ. ಜನರ ಮುಖ ನೋಡಿ ಕೋಲು ನಿಲ್ಲಿಸಿದ. ನನ್ನ ಮುಖ ನೋಡಿ ಹತ್ತಿರ ಬಂದ. ಕಿವಿಯ ಅರಳೆ ತೆಗೆಯಲಿಲ್ಲ, ಅದು ಅವನ ದೊಡ್ಡತನ.

"ಯವ್ವಾ, ಸಾಕ ಮಾಡೂಣೇನ್ರಿ? ಉಳದದ್ದು ಕ್ವಾರ್ಯಾಗ ಬಡೀತೇನಿ. ಹ್ಯಾಂಗರ ಮಾಡಿ ಎಂಟ ದಿನಕ್ಕ ಕೊಡ್ತೇನಿ."

ಅವನು ತೋರಿಸಿದ್ದು ಪಾರಾಗುವ ಬಾಗಿಲು. ಹೂಂ ಅಂದರೆ ಗಾದಿ ಸುತ್ತಿ ಹೋಗುತ್ತದೆ, ಉಳಿದದ್ದು ಕ್ವಾರಿಯ ತಳ ಸೇರುತ್ತದೆ, ಕೇಳಿದ್ದನ್ನೆಲ್ಲ ಒಂದು ದಿನದ ದಣಿವು ಎಂದು ಓಣಿ ಮರೆತರೂ ಮರೆಯಬಹುದು. ಆದರೆ ಎಂಟು ದಿನ. ಗಾದಿ ಇಲ್ಲದೆ ಸಜ್ಜಿ ಎರಡೇ ದಿನಕ್ಕೆ ಹಿಂಗಾಲು ಊರಲಾರದೆ ಬಿದ್ದಿತ್ತು. ಮರದ ಬುಡದಲ್ಲಿ ಸಜ್ಜಿ ಮಲಗಿದಲ್ಲೇ ಮುಂಗಾಲು ಬಾಯಿಗೆ ಹಾಕಿಕೊಂಡು ಕಡಿಯುತ್ತಿತ್ತು, ಬೆರಳ ಸಂದಿಯಲ್ಲಿ ಕೆಂಪು ಕಾಣುತ್ತಿತ್ತು. ನಾನು ಅತ್ತೆಗೆ ನೀರು ಕೊಡದವಳು. ಈಗ ನನ್ನ ಹೆಸರು ಉಳಿಸಿಕೊಳ್ಳಲು ಅವರ ನಾಯಿಯನ್ನು ಎಂಟು ದಿನ ಉಪವಾಸ ಕೆಡವಬೇಕಾಗಿತ್ತು.

ಅವನ ಕೈಯಿಂದ ಕೋಲು ತೆಗೆದುಕೊಂಡೆ. ನನ್ನ ಮಾತು ಅವನಿಗೆ ಕೇಳುವುದಿಲ್ಲವೆಂದು ಕೈಸನ್ನೆಯಲ್ಲಿ ಕೂಡು ಎಂದೆ. ಸೆರಗು ಸೊಂಟಕ್ಕೆ ಕಟ್ಟಿ ನಾನೇ ಬಡಿಯತೊಡಗಿದೆ.

ಮೇಲಿನ ಮಾತು ಇತ್ತೀಚಿನದು, ಒಳಗಿನದು ಹಳೆಯದು. ಬಡಿದಷ್ಟೂ ವರ್ಷಗಳು ಹಿಂದಕ್ಕೆ ಸರಿದವು. ಓಣಿಯವರು ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡರು. ಹೊಸ ಸೊಸೆಯ ಅತ್ತೆ ಅವಳ ಕೈ ಹಿಡಿದು ಎಳೆದೊಯ್ದಳು. ಹುಡುಗಿ ತಿರುಗಿ ತಿರುಗಿ ನೋಡುತ್ತ ಹೋದಳು. ಕೊನೆಗೆ ಚಂಬವ್ವ ಎದ್ದಳು. ಬೈಯುತ್ತಾಳೆ ಎಂದುಕೊಂಡು ಕಾದೆ. ಚೆಲ್ಲಿದ ಕಾಳನ್ನು ಕೂಡ ಬಳಿಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂವತ್ತು ವರ್ಷದಲ್ಲಿ ಆ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ನಡುಹಗಲಿಗೆ ಯಾರು ಹೇಳಿ ಕಳಿಸಿದರೋ, ನಮ್ಮವರು ಗಾಣ ಬಿಟ್ಟು ಬಂದು ಓಣಿಯ ತಿರುವಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ಎಣ್ಣೆ ಅಂಟಿದ ಮುಖಕ್ಕೆಲ್ಲ ಧೂಳು ಮೆತ್ತಿತ್ತು. ನಾನು ಕೋಲು ಹಿಡಿದು ನೋಡಿದೆ. ಅವರ ತಾಯಿಯ ಬಾಯಿ ಒಣಗಿಸಿದವಳು ನಾನು, ಬಂದು ಹೊಡೆದರೆ ಹೊಡೆಯಲಿ ಎಂದುಕೊಂಡೆ. ಅವರು ನನ್ನ ಪಕ್ಕದಿಂದ ಒಳಗೆ ಹೋದರು. ಒಲೆ ಹೊತ್ತಿಸಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕುದಿಯುವ ನೀರಿನ ಹಂಡೆ ತಂದು, ಕೌದಿಯನ್ನೂ ದಿಂಬಿನ ಚೀಲವನ್ನೂ ಅದರಲ್ಲಿ ಅದ್ದಿ ಕೋಲಿನಿಂದ ತಿರುವುತ್ತ ಕೂತರು.

ಕೋಲಿಗೆ ಬರುವುದೆಲ್ಲ ಬಂದ ಮೇಲೆ ಲಾಲೇಸಾಬ ಹೊಲಿಗೆ ಬಿಚ್ಚಿ, ಅರಳೆ ಹರವಿ, ಕಮಾನು ಮೀಟಿ ಹಿಂಜಿದ. ಕಮಾನಿನ ತಂತಿಗೆ ಅರಳೆ ಹಿಮದಂತೆ ಹಾರಿತು. ತೀರ ಆಳದಲ್ಲಿ ಕೂತಿದ್ದ ಮಾತುಗಳು ತಂತಿಯ ಝೇಂಕಾರದ ನಡುವೆ ಎಳೆಎಳೆಯಾಗಿ ಬಂದವು. ಆ ಗಾದಿ ಹೊಸದಾಗಿದ್ದ ಮೊದಲ ದಿನದ ಮಾತು.

"ಅತ್ತಿ, ಗಾದಿ ಎಲ್ಲೆರ ಚುಚ್ಚತೈತೇನ್ರಿ? ಇನ್ನೊಂದ ದಿಂಬ ಇಡ್ಲ್ಯಾ? ನೀವ ಹೆದರಬ್ಯಾಡ್ರಿ, ನಾ ಅದೇನಿ."

"ನೀ ಇದ್ದ ಮ್ಯಾಲೆ ಏನ ಹೆದರಿಕಿ ತಂಗಿ."

ಮೊದಲ ದನಿಯ ಗುರುತೂ ನನಗೆ ಹತ್ತಲಿಲ್ಲ. ಅದೂ ನನ್ನದೇ. ಬೈದ ದನಿಯನ್ನು ಕೇಳಿದಾಗ ಆಗದ ಸಂಕಟ ಇದನ್ನು ಕೇಳಿದಾಗ ಆಯಿತು. ಹೀಗೆ ಮಾತಾಡಲು ನನಗೆ ಬರುತ್ತಿತ್ತು. ಓಣಿಯಲ್ಲಿ ಆಗ ಯಾರೂ ಇರಲಿಲ್ಲ, ಲಾಲೇಸಾಬನ ಕಿವಿ ಮುಚ್ಚಿತ್ತು. ಹಂಡೆಯ ಮುಂದೆ ಕೂತವರು ಕೈ ನಿಲ್ಲಿಸಿದ್ದರು. ಹಬೆಯಲ್ಲಿ ಅವರ ಮುಖ ಕಾಣಲಿಲ್ಲ.

ಹೊಸ ಚೀಲ ಹೊಲಿದು, ಗಾದಿ ಕೋಣೆಗೆ ಹೋಯಿತು. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸಜ್ಜಿಗೆ ಔಷಧಿಯ ಸ್ನಾನ ಮಾ​ಡಿಸಿ, ಬೆರಳ ಸಂದಿ ಒಣಗಿಸಿ, ಗಾದಿಯ ಹತ್ತಿರ ಬಿಟ್ಟೆ. ಮೂಸಿ ನೋಡಿತು. ತಗ್ಗು ಇರಲಿಲ್ಲ, ಆದರೂ ನಡುವೆ ಮೂರು ಸುತ್ತು ಸುತ್ತಿತು. ನಾನು ನಿಂತಿರುವ ತನಕ ಮಲಗಲಿಲ್ಲ. ನಾನು ಹೊರಗೆ ಬಂದೆ, ಆಮೇಲೆ ಮಲಗಿದ ಸದ್ದು ಕೇಳಿತು.

ಅಂದಿನಿಂದ ಮಠಕ್ಕೆ ಹೋಗಲಿಲ್ಲ. ಗಂಟಲು ಸರಿಯಿಲ್ಲ ಎಂದು ಹೇಳಿಕಳಿಸಿದೆ, ಯಾರೂ ಕಷಾಯ ಕಳಿಸಲಿಲ್ಲ. ಸೋಮವಾರ ಸೋಮವಾರ ಗಾದಿ ಹೊರಗೆ ತಂದು, ಸಜ್ಜಿಯನ್ನು ಮರಕ್ಕೆ ಕಟ್ಟಿ, ನಾನೇ ಬಡಿಯತೊಡಗಿದೆ. ಡಾಕ್ಟರಬಾಯಿ ಹೇಳಿದ ಒಂದು ಕೆಲಸವನ್ನೂ ಬಿಡಲಿಲ್ಲ. ಮೊದಲ ಸೋಮವಾರ ಗಾದಿಯಿಂದ ಬಂದದ್ದು ನಾಯಿಯ ಗೊರಕೆ, ಕಾಲು ನೆಕ್ಕುವ ಚಪಚಪ. ಎರಡನೆಯ ವಾರ ಗೊರಕೆ ಜಾಸ್ತಿ, ಚಪಚಪ ಕಡಿಮೆ. ನನ್ನ ದನಿ ಇರಲಿಲ್ಲ, ಆ ಕೋಣೆಯಲ್ಲಿ ನಾನು ಬಾಯಿ ತೆರೆಯುತ್ತಲೇ ಇರಲಿಲ್ಲ. ಓಣಿಯವರು ನೀರಿಗೆ ಹೋಗುವ ದಾರಿ ಬದಲಿಸಲಿಲ್ಲ, ನಿಂತು ಕೇಳಿ ಹೋಗುತ್ತಿದ್ದರು. ಕೇಳುವುದು ಅವರ ಹಕ್ಕು, ಆ ಹಕ್ಕನ್ನು ಕೊಟ್ಟವಳು ನಾನೇ.

ಮನೆಯಲ್ಲಿ ನಮ್ಮವರು ನನ್ನೊಡನೆ ಉಪ್ಪು, ನೀರು ಎಂಬುದನ್ನು ಬಿಟ್ಟು ಮಾತಾಡಿರಲಿಲ್ಲ. ನಾನು ತವರಿಗೆ ಹೋಗಲೇ ಎಂದು ಒಂದು ದಿನ ಕೇಳಿದೆ. ಅವರು ಎದ್ದು ಹಂಡೆಗೆ ನೀರು ತುಂಬತೊಡಗಿದರು. ಗಾಣದಿಂದ ಬಂದವರು ಕೈಕಾಲು ತೊಳೆದು ಸಜ್ಜಿಯ ಹತ್ತಿರ ಹೋಗಿ ಕೂರುತ್ತಿದ್ದರು, ನಾನು ಆಗ ಹಿತ್ತಲಿಗೆ ಹೋಗುತ್ತಿದ್ದೆ.

ಮೂರನೆಯ ಸೋಮವಾರ ಅವರು ಗಾಣಕ್ಕೆ ಹೋಗಲಿಲ್ಲ. ಬೇವಿನ ಮರದ ಕಟ್ಟೆಯಲ್ಲಿ ಸಜ್ಜಿಯ ಮುಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಿಂದ ಬೆರಳ ಸಂದಿ ಒರೆಸುತ್ತ ಕೂತಿದ್ದರು. ಅಲ್ಲಿ ಹೊಸ ಕೂದಲು ಬರತೊಡಗಿತ್ತು. ನಲ್ಲಿಯ ಹೊತ್ತು, ಓಣಿ ತುಂಬಿತ್ತು, ಚಂಬವ್ವ ಕೊಡ ಹಿಡಿದು ದೂರದಲ್ಲಿ ನಿಂತಿದ್ದಳು. ನಾನು ಕೋಲೆತ್ತಿ ಬಡಿದೆ. ಗಾದಿಯಿಂದ ಗಂಡುದನಿ ಬಂತು.

"ಸಜ್ಜಿ, ಅವ್ವ ನನಗ ಹೇಳಿದ್ಲು. ಎರಡ ಸರ್ತಿ ಹೇಳಿದ್ಲು. ಗಾದಿ ಮ್ಯಾಲೆ ಹೇಳಿದರ ಉಳೀತೈತಿ, ನೀಲಾನ ಹೆಸರ ಕೆಡತೈತಿ ಅಂತ, ಹಿತ್ತಲದಾಗ ಬಿಸಲಿಗೆ ಕೂಡಸಿದಾಗ ಹೇಳಿದ್ಲು. ನೀಲಾ ಬಾಳ ದಣದಾಳ, ನೀ ಒಂದ ಹೊತ್ತರ ನನ್ನ ಎತ್ತಿ ಕೂಡಸೊ, ಆಕಿಗೆ ನಿದ್ದಿ ಇಲ್ಲ ಅಂದ್ಲು. ಗಾಣ ಬಿಟ್ಟ ಬರಾಕ ಆಗೂದಿಲ್ಲ ಅಂದ್ನಿ. ಗಾಣ ಹೊತ್ತ ಮುಳುಗೂದ್ರಾಗ ನಿಂದರತಿತ್ತು. ನಾ ಗುಡಿ ಕಟ್ಟಿ ಮ್ಯಾಲೆ ಕುಂತ ಬರತಿದ್ನಿ."

ಸೋಮವಾರ ನಾನು ಗಾದಿ ಬಡಿಯುತ್ತೇನೆ ಎಂದು ನಮ್ಮವರಿಗೆ ಗೊತ್ತಿತ್ತು. ಯಾರು ಯಾರು ಈ ಹೊತ್ತಿಗೆ ಇಲ್ಲಿ ನಿಲ್ಲುತ್ತಾರೆ ಎಂಬುದೂ ಗೊತ್ತಿತ್ತು. ಎಲ್ಲ ತಿಳಿದು ಆ ಕೋಣೆಗೆ ಹೋಗಿ, ಆ ಗಾದಿಯ ಮೇಲೆ ಕೂತು ಆಡಿಟ್ಟು ಬಂದಿದ್ದರು.

ಕೋಲು ನನ್ನ ಕೈಯಿಂದ ಕೆಳಗಿಳಿಯಿತು. ಅವರು ನಾಯಿಯ ಇನ್ನೊಂದು ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ತಲೆ ಎತ್ತಲಿಲ್ಲ.

"ಇನ್ನೂ ಐತಿ," ಎಂದರು. "ಬಡಿ."